‘ವಕ್ರ’ ಅಂದ್ರೆ ಬರೀ ಕೆಟ್ಟದ್ದಾ? ಈ ಪದ ಎಲ್ಲಿಂದ ಬಂತು?

ಸೀಗೆಬಳ್ಳಿ
ನಿನ್ನೆ ಮನೆಯಲ್ಲಿ ಶುರುವಾದ ಮಾತು ಇನ್ನೂ ಮುಗಿದಿಲ್ಲ. ಮಗಳು ಏಳನೇ ಕ್ಲಾಸು. ಯಾವುದಕ್ಕೋ ಹಟ ಹಿಡಿದು ಕೂತಿದ್ದಳು. ನಮ್ಮತ್ತೆ “ಏನು ವಕ್ರಬುದ್ಧಿಯೇ ನಿಂದು” ಎಂದು ಗದರಿದರು. ಅವಳು ತಕ್ಷಣ, “ಅಜ್ಜಿ, ಬೆಳಗ್ಗೆ ದೇವರ ಮುಂದೆ ವಕ್ರತುಂಡ ಮಹಾಕಾಯ ಅಂತ ಕೈ ಮುಗಿದ್ರಿ. ಗಣಪತಿಗೆ ಹೇಳಿದರೆ ಹೊಗಳಿಕೆ, ನನಗೆ ಹೇಳಿದರೆ ಬೈಗುಳ, ಅದು ಹೇಗೆ?” ಎಂದಳು. ಅತ್ತೆ ನನ್ನ ಮುಖ ನೋಡಿದರು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಈ ಪದ ಮೊದಲಿನಿಂದಲೂ ಬೈಗುಳವೇ ಆಗಿತ್ತಾ, ಆಮೇಲೆ ಆಯಿತಾ? ಡೊಂಕು, ಸೊಟ್ಟ, ಓರೆ ಇವಕ್ಕೂ ವಕ್ರಕ್ಕೂ ಏನು ವ್ಯತ್ಯಾಸ? ಬಲ್ಲವರು ಸ್ವಲ್ಪ ಬಿಡಿಸಿ ಹೇಳಿ.

ನಿಘಂಟಿನ ಹುಳು
ಒಳ್ಳೆ ಪ್ರಶ್ನೆ ಕೇಳಿದ್ದಾಳೆ ಮಗು. ವಕ್ರ ಸಂಸ್ಕೃತ ಪದ. ‘ವಂಚ್’ ಎನ್ನುವ ಧಾತುವಿಗೆ ಸೇರಿದ್ದು. ಆ ಧಾತುವಿನ ಹಳೆಯ ಅರ್ಥ ಅತ್ತಿತ್ತ ಓಲಾಡುತ್ತಾ ಹೋಗುವುದು, ಸುತ್ತಿ ಬಳಸಿ ನಡೆಯುವುದು. ವಂಚನೆಯೂ ಅಲ್ಲಿಂದಲೇ ಬಂದದ್ದು. ಆದರೆ ಮೊದಲ ಅರ್ಥದಲ್ಲಿ ಮೋಸ ಇಲ್ಲ, ಬರೀ ನಡಿಗೆ ಇದೆ. ನೇರ ಹೋಗದೆ ಪಕ್ಕಕ್ಕೆ ಸರಿಯುವುದು, ಆಮೇಲೆ ಎದುರಿನವನಿಂದ ತಪ್ಪಿಸಿಕೊಳ್ಳುವುದು, ಆಮೇಲೆ ಅವನ ಕಣ್ಣಿಗೆ ಮಣ್ಣೆರಚುವುದು. ಹೀಗೆ ಮೆಟ್ಟಿಲು ಮೆಟ್ಟಿಲಾಗಿ ‘ವಂಚಿಸು’ ಮೋಸಕ್ಕೆ ಇಳಿಯಿತು. ವಕ್ರ ಮಾತ್ರ ಆಕಾರದ ಹೆಸರಾಗಿ ಉಳಿಯಿತು.

ವಕ್ರತುಂಡ ಅಂದರೆ ಬಾಗಿದ ಸೊಂಡಿಲಿನವನು, ಅಷ್ಟೇ. ಸೊಂಡಿಲು ಬಾಗದೆ ಇನ್ನೇನು ಮಾಡಬೇಕು!

ಹೂವಿನಹಡಗಲಿ ಹುಡುಗ
ವಕ್ರ, ವಂಚನೆ ಅಕ್ಕತಂಗಿಯರಾ? ಇದು ಹೊಸದು ನನಗೆ.

ತಾಳೆಗರಿ
ಇನ್ನೊಬ್ಬಳು ತಂಗಿ ಇದ್ದಾಳೆ. ಅವಳು ನಮ್ಮೆಲ್ಲರ ಮನೆಯ ಒಡವೆ ಪೆಟ್ಟಿಗೆಯಲ್ಲಿ ಇದ್ದಾಳೆ.

ವಕ್ರ ಪ್ರಾಕೃತಕ್ಕೆ ಹೋದಾಗ ‘ವಂಕ’ ಆಯಿತು. ಅದೇ ರೂಪ ಕನ್ನಡಕ್ಕೂ ತದ್ಭವವಾಗಿ ಬಂತು. ಆ ವಂಕದ ಜೊತೆಯದೇ ವಂಕಿ. ಮದುವೆಯಲ್ಲಿ ಹೆಣ್ಣಿನ ತೋಳಿಗೆ ಕಟ್ಟುವ ವಂಕಿ ನೋಡಿ. ಬಳೆಯ ಹಾಗೆ ದುಂಡಗೆ ಸುತ್ತಿ ಬರುವುದಿಲ್ಲ. ಎರಡೂ ಕಡೆಯಿಂದ ಓರೆಯಾಗಿ ಏರಿ ತೋಳಿನ ನಡುವೆ ಒಂದು ಮೊನೆಯಾಗಿ ಸೇರುತ್ತದೆ. ಆ ಮೊನೆಗೇ ಕೆಂಪುಕಲ್ಲು ಕೂರಿಸುವುದು. ವಂಕಿ ಉಂಗುರವೂ ಅದೇ ಆಕಾರ. ನೆಟ್ಟಗೆ ಮಾಡಿದರೆ ಅದು ವಂಕಿಯೇ ಅಲ್ಲ, ಸುಮ್ನೆ ಒಂದು ಬಳೆ ಅಥವಾ ಉಂಗುರ. ಒಡವೆಯ ಅಂದ ಇರುವುದೇ ಆ ಬಾಗಿನಲ್ಲಿ.

ಗಡಿನಾಡಿಗ
ತಾಳೆಗರಿಯವರು ಹೇಳಿದ ವಂಕ ಸುತ್ತಮುತ್ತ ಎಲ್ಲ ಕಡೆ ಓಡಾಡಿದೆ. ಮರಾಠಿಯಲ್ಲಿ ವಾಕಡಾ ಅಂದರೆ ಡೊಂಕು. ತೆಲುಗಿನಲ್ಲಿ ವಂಕರ. ಹಿಂದಿಯಲ್ಲಿ ಬಾಂಕಾ ಆಗಿದೆ. ಅಲ್ಲಿ ಅದಕ್ಕೆ ಬಾಗಿದ್ದು ಎನ್ನುವುದರ ಜೊತೆ ಠೀವಿಯವನು, ಸೊಗಸುಗಾರ ಎನ್ನುವ ಅರ್ಥವೂ ಇದೆ. ವೃಂದಾವನದ ಬಾಂಕೇ ಬಿಹಾರಿ ಹೆಸರು ಕೇಳಿರುತ್ತೀರಿ. ಕೃಷ್ಣ ಮೂರು ಕಡೆ ಬಳುಕಿ ನಿಂತಿರುತ್ತಾನಲ್ಲ, ಆ ತ್ರಿಭಂಗಿಗೆ ಬಾಂಕೇ ಎನ್ನುವುದು. ಸೊಟ್ಟಗೆ ನಿಂತವನಿಗೆ ಜನ ಗುಡಿ ಕಟ್ಟಿದ್ದಾರೆ.

ಅಂಗಳದ ಚುಕ್ಕಿ
ಆಕಾಶದ ಕಡೆಯಿಂದ ಒಂದು ಮಾತು. ‘ಕುಜ ವಕ್ರಿ’, ‘ಶನಿ ವಕ್ರಿ’ ಎಂದು ಪಂಚಾಂಗದಲ್ಲಿ ಬರುತ್ತದಲ್ಲ, ಅದು ಬೈಗುಳ ಅಲ್ಲ. ಅದು ನೋಡಿ ಬರೆದ ಲೆಕ್ಕ.

ಗ್ರಹಗಳು ನಕ್ಷತ್ರಗಳ ನಡುವೆ ಸಾಮಾನ್ಯವಾಗಿ ಪಶ್ಚಿಮದಿಂದ ಪೂರ್ವಕ್ಕೆ ಸರಿಯುತ್ತವೆ. ಮಂಗಳನನ್ನು ತಿಂಗಳುಗಟ್ಟಲೆ ನೋಡುತ್ತಾ ಬನ್ನಿ. ಒಂದು ದಿನ ನಿಧಾನ ಆಗುತ್ತಾನೆ, ನಿಂತ ಹಾಗೆ ಕಾಣುತ್ತಾನೆ, ಆಮೇಲೆ ಹಿಂದಕ್ಕೆ ನಡೆಯುತ್ತಾನೆ. ಎರಡು ತಿಂಗಳಿಗಿಂತ ಸ್ವಲ್ಪ ಜಾಸ್ತಿ ಹೀಗೆ ಹೋಗಿ ಮತ್ತೆ ಮುಂದಕ್ಕೆ ತಿರುಗುತ್ತಾನೆ. ಸುಮಾರು 26 ತಿಂಗಳಿಗೊಮ್ಮೆ ಇದು ಆಗುತ್ತದೆ. ಸೂರ್ಯಸಿದ್ಧಾಂತದಲ್ಲಿ ಗ್ರಹಗಳ ಗತಿ ಎಂಟು ಬಗೆ ಎಂದು ಹೇಳಿದೆ. ಅದರಲ್ಲಿ ವಕ್ರ ಒಂದು, ಕುಟಿಲ ಒಂದು, ಮಂದ ಒಂದು, ಸಮ ಒಂದು, ಶೀಘ್ರ ಒಂದು. ಎಲ್ಲವೂ ನಡಿಗೆಯ ಹೆಸರುಗಳು. ವರಾಹಮಿಹಿರ ಬೃಹಜ್ಜಾತಕದಲ್ಲಿ ಮಂಗಳನಿಗೆ ಕೊಡುವ ಹೆಸರುಗಳಲ್ಲಿ ‘ವಕ್ರ’ ಕೂಡ ಇದೆ.

ಅಸಲಿಗೆ ಮಂಗಳ ಹಿಂದಕ್ಕೆ ಹೋಗುವುದೇ ಇಲ್ಲ. ನಮ್ಮ ಭೂಮಿ ಒಳಸುತ್ತಿನಲ್ಲಿ ಬೇಗ ಓಡುತ್ತದೆ, ಅವನನ್ನು ದಾಟಿ ಮುಂದೆ ಹೋಗುತ್ತದೆ. ಆಗ ನಮಗೆ ಅವನು ಹಿಂದೆ ಸರಿದ ಹಾಗೆ ಕಾಣುತ್ತದೆ. ಹೆಸರು ಮಾತ್ರ ಅವನಿಗೆ ಬಂತು.

ಕೆರೆಕೋಡಿ
ಅದೆಲ್ಲ ಸರಿ ಸ್ವಾಮಿ. ಆದರೆ ಊರಲ್ಲಿ ‘ಶನಿಯ ವಕ್ರದೃಷ್ಟಿ ಬಿದ್ದಿದೆ’ ಅಂದರೆ ಯಾರೂ ಖಗೋಳ ಯೋಚಿಸಲ್ಲ. ಎದೆ ಢವಗುಟ್ಟುತ್ತದೆ. ಜನ ಬಳಸುವ ಅರ್ಥವೇ ಅರ್ಥ.

ಅಂಗಳದ ಚುಕ್ಕಿ
ಬಳಕೆಯ ಅರ್ಥ ಬೇಡ ಎಂದು ನಾನು ಹೇಳಿಲ್ಲ. ಹೆದರಿಕೆ ಪದದೊಳಗೆ ಹುಟ್ಟಿದ್ದಲ್ಲ, ನಾವು ತಂದು ಅಂಟಿಸಿದ್ದು ಎಂದೆ. ಶನಿಯಂತೂ ಹೆಚ್ಚುಕಡಿಮೆ ಪ್ರತಿವರ್ಷ ನಾಲ್ಕೂವರೆ ತಿಂಗಳು ವಕ್ರಗತಿಯಲ್ಲಿ ಇರುತ್ತಾನೆ. ವರ್ಷದ ಮೂರರಲ್ಲಿ ಒಂದು ಪಾಲಿಗಿಂತ ಜಾಸ್ತಿ ನಡೆಯುವುದನ್ನು ‘ಹಾದಿ ತಪ್ಪಿದ್ದು’ ಎನ್ನುವುದಾದರೂ ಹೇಗೆ?

ಶ್ರುತಿಪೆಟ್ಟಿಗೆ
ನಾನು ಸಂಗೀತ ಹೇಳಿಕೊಡುತ್ತೇನೆ. ನಮ್ಮಲ್ಲಿ ವಕ್ರ ಅಂದರೆ ಮರ್ಯಾದೆಯ ಮಾತು.

ಸ್ವರಗಳು ಮೆಟ್ಟಿಲು ಹತ್ತಿದ ಹಾಗೆ ಕ್ರಮವಾಗಿ ಹೋಗದೆ ಹಿಂದೆ ಮುಂದೆ ತಿರುಗಿದರೆ ಅದು ವಕ್ರರಾಗ. ಆನಂದಭೈರವಿ ತಗೊಳ್ಳಿ. ಆರೋಹಣ ಸ ಗ ರಿ ಗ ಮ ಪ ದ ಪ ಸ. ‘ಸ’ದಿಂದ ನೇರ ‘ಗ’ಕ್ಕೆ ಹಾರಬೇಕು, ‘ರಿ’ಗೆ ಇಳಿಯಬೇಕು, ಮತ್ತೆ ‘ಗ’ ಮುಟ್ಟಿಯೇ ‘ಮ’ಕ್ಕೆ ಹೋಗಬೇಕು. ಹೊಸದಾಗಿ ಕಲಿಯುವ ಮಕ್ಕಳು ಅಭ್ಯಾಸಬಲದಿಂದ ಸ ರಿ ಗ ಮ ಎಂದು ಏರಿಬಿಡುತ್ತಾರೆ. ಒಂದು ಸ್ವರವೂ ಅಪಸ್ವರ ಆಗಿರುವುದಿಲ್ಲ, ಶ್ರುತಿಯೂ ಸರಿ ಇರುತ್ತದೆ. ಆದರೆ ಆನಂದಭೈರವಿ ಮಾಯ! ಖರಹರಪ್ರಿಯದ ಕಡೆಗೆ ವಾಲಿರುತ್ತದೆ. ಆಗ ನಿಲ್ಲಿಸಿ, ಆ ‘ಗ ರಿ ಗ’ವನ್ನೇ ಹತ್ತು ಸಲ ಹಾಡಿಸುತ್ತೇನೆ. ಆ ರಾಗದ ಗುರುತೇ ಆ ತಿರುವು.

ಕದನಕುತೂಹಲ ಇನ್ನೂ ಜೋರು. ಸ ರಿ ಮ ದ ನಿ ಗ ಪ ಸ. ‘ನಿ’ಯಿಂದ ಮೇಲಿನ ‘ಗ’ಕ್ಕೆ ನೆಗೆತ. ಕೇಳಿದರೆ ಕುದುರೆ ಓಡಿದ ಹಾಗೆ ಇರುತ್ತದೆ. ಶ್ರೀರಾಗದಲ್ಲಿ ಇಳಿಯುವಾಗ ಕೊನೆಗೆ ‘ರಿ ಗ ರಿ ಸ’ ಬರುತ್ತದೆ. ಆ ಪುಟ್ಟ ‘ಗ’ ಒಂದು ತಪ್ಪಿದರೆ ಕೂತವರು ತಲೆ ಎತ್ತಿ ನೋಡುತ್ತಾರೆ. ಇಲ್ಲೆಲ್ಲ ನೆಟ್ಟಗೆ ಹಾಡುವುದೇ ತಪ್ಪು. ನಿಮ್ಮ ಮಗಳಿಗೆ ಇದನ್ನು ಹೇಳಿ.

ಸೀಗೆಬಳ್ಳಿ
ಹೇಳಿದೆ. “ಹಾಗಾದ್ರೆ ನಾನು ಆನಂದಭೈರವಿ” ಅಂತಿದ್ದಾಳೆ. ತುಂಬ ಥ್ಯಾಂಕ್ಸ್. ಡೊಂಕು, ಸೊಟ್ಟದ ಬಗ್ಗೆಯೂ ಯಾರಾದರೂ ಹೇಳಿ.

ಅಚ್ಚಗನ್ನಡಿಗ
ವಕ್ರದ ಸಹವಾಸವೇ ಯಾಕೆ? ನಮ್ಮದೇ ಡೊಂಕು ಇದೆ, ಸೊಟ್ಟ ಇದೆ, ಕೊಂಕು ಇದೆ, ಓರೆ ಇದೆ. ಇಷ್ಟು ಒಳ್ಳೆಯ ಪದಗಳನ್ನು ಮೂಲೆಗೆ ಹಾಕಿ ಎರವಲು ಪದದ ಬೇರು ಹುಡುಕುತ್ತಿದ್ದೇವೆ. ಮಕ್ಕಳಿಗೆ ಡೊಂಕು ಕಲಿಸಿ, ಸಾಕು.

ನಿಘಂಟಿನ ಹುಳು
ಡೊಂಕು ಕಲಿಸಬೇಡಿ ಎಂದವರು ಯಾರು? ಆದರೆ ವಕ್ರವನ್ನು ಹೊರಗಿನದ್ದು ಎಂದು ತಳ್ಳಲು ಆಗುವುದಿಲ್ಲ. ಈಗ ತಾನೇ ವಂಕಿಯ ಮಾತು ಬಂತು. ಒಡವೆಯನ್ನು ವಾಪಸು ಕೊಡುತ್ತೀರಾ? ಕನ್ನಡ ಎರಡನ್ನೂ ಇಟ್ಟುಕೊಂಡು ಕೆಲಸ ಹಂಚಿಕೊಟ್ಟಿದೆ. ಮೊಳೆ ಡೊಂಕಾಗುತ್ತದೆ, ಕೋಲು ಡೊಂಕಾಗುತ್ತದೆ. ಮೊಳೆ ವಕ್ರವಾಯಿತು ಎಂದು ಯಾರೂ ಹೇಳುವುದಿಲ್ಲ. ಬುದ್ಧಿ, ದೃಷ್ಟಿ, ಗತಿ ಬಂದಾಗ ವಕ್ರ. ಕೈಗೆ ಸಿಗುವುದಕ್ಕೆ ಒಂದು, ಸಿಗದ್ದಕ್ಕೆ ಇನ್ನೊಂದು.

ಅಚ್ಚಗನ್ನಡಿಗ
ಒಪ್ಪಲ್ಲ. ‘ಲೋಕದ ಡೊಂಕ ನೀವೇಕೆ ತಿದ್ದುವಿರಿ’ ಎಂದ ಬಸವಣ್ಣ. ಲೋಕದ ಡೊಂಕು ಕೈಗೆ ಸಿಗುತ್ತದಾ? 12ನೇ ಶತಮಾನದಲ್ಲೇ ಡೊಂಕು ಮನಸ್ಸಿನ ಕೆಲಸವನ್ನೂ ಮಾಡುತ್ತಿತ್ತು. ಆ ಕೆಲಸವನ್ನು ವಕ್ರಕ್ಕೆ ಬಿಟ್ಟುಕೊಟ್ಟದ್ದು ನಾವು.

ಕೂಡಲಿ ದಾರಿ
ಬಸವಣ್ಣನವರ ಮಾತು ಬಂದದ್ದು ಒಳ್ಳೆಯದಾಯಿತು. ಈ ಪ್ರಶ್ನೆಗೆ ಅವರದೇ ಇನ್ನೊಂದು ವಚನ ಇನ್ನೂ ಹತ್ತಿರ.

“ಹಾವಿನ ಡೊಂಕು ಹುತ್ತಕ್ಕೆ ಸಸಿನ, ನದಿಯ ಡೊಂಕು ಸಮುದ್ರಕ್ಕೆ ಸಸಿನ, ನಮ್ಮ ಕೂಡಲಸಂಗನ ಶರಣರ ಡೊಂಕು ಲಿಂಗಕ್ಕೆ ಸಸಿನ.”

ಸಸಿನ ಅಂದರೆ ನೇರ, ಸರಿಯಾದದ್ದು. ಹುತ್ತದ ಒಳದಾರಿ ಸುತ್ತಿ ಸುತ್ತಿ ಹೋಗಿರುತ್ತದೆ, ಅಲ್ಲಿ ನೆಟ್ಟಗಿರುವ ಕೋಲು ಹೋಗಲ್ಲ, ಹಾವು ಹೋಗುತ್ತದೆ. ನದಿ ಬಳಸಿಕೊಂಡೇ ಕಡಲು ಸೇರುವುದು. ಡೊಂಕು ಹೌದೋ ಅಲ್ಲವೋ ಅನ್ನುವುದು ಯಾವುದಕ್ಕೆ ಹೋಲಿಸಿ ನೋಡುತ್ತೀರಿ ಅನ್ನುವುದರ ಮೇಲೆ ಇದೆ. ಹೊರಗೆ ನಿಂತು ನೋಡುವವನಿಗೆ ಶರಣರ ನಡೆ ಅಡ್ಡಾದಿಡ್ಡಿ. ಅವರು ಹೋಗಬೇಕಾದ ಕಡೆಗೆ ಅದೇ ನೇರ ದಾರಿ. ನನಗಂತೂ ಈ ಮೂರು ಸಾಲು ಯಾವ ನಿಘಂಟಿಗಿಂತಲೂ ದೊಡ್ಡದು.

ಹೂವಿನಹಡಗಲಿ ಹುಡುಗ
ಆಹಾ. ಬರೆದಿಟ್ಟುಕೊಂಡೆ.

ಉಳಿ ಬಾಚಿ
ಬಡಗಿ ಮನೆತನ ನಮ್ಮದು. ನಮಗೆ ಇವೆಲ್ಲ ಬೇರೆ ಬೇರೆ. ಹಲಗೆಯ ಅಂಚನ್ನು ಕಣ್ಣಿಗೆ ಹಿಡಿದು, ಒಂದು ಕಣ್ಣು ಮುಚ್ಚಿ ಉದ್ದಕ್ಕೂ ನೋಡುತ್ತೇವೆ. ಅಂಚು ನಡುವೆ ಬಾಗಿದ್ದರೆ ಡೊಂಕು. ಅಂಚು ನೆಟ್ಟಗೇ ಇದ್ದು, ಕೂರಿಸಿದ್ದು ವಾಲಿದ್ದರೆ ಓರೆ. ಓರೆ ಆಗಿದ್ದನ್ನು ಬಿಚ್ಚಿ ಮತ್ತೆ ಕೂರಿಸಬಹುದು. ಡೊಂಕು ಮರದಲ್ಲೇ ಇರುತ್ತದೆ, ಹತ್ತರಿ ಹೊಡೆದು ತೆಗೆಯಬೇಕು. ಅತ್ತ ಇತ್ತ ತಿರುಚಿಕೊಂಡು ಯಾವ ಕಡೆಯೂ ಹೊಂದದೇ ಹೋದರೆ ಸೊಟ್ಟ.

ಇನ್ನೊಂದು ಮಾತು. ಎಲ್ಲ ಡೊಂಕನ್ನೂ ತೆಗೆಯಲ್ಲ ನಾವು. ಮರದ ನೇಗಿಲು ಮಾಡುವ ಕಾಲದಲ್ಲಿ ನಮ್ಮಜ್ಜ ಹೊಲದ ಬದುವಿನಲ್ಲಿ ಜಾಲಿ ಮರ ನೋಡುತ್ತಾ ತಿರುಗುತ್ತಿದ್ದರು. ತಾನಾಗೇ ಬಾಗಿ ಬೆಳೆದ ಕೊಂಬೆ ಬೇಕು. ನೆಟ್ಟಗಿನ ದಿಮ್ಮಿಯನ್ನು ಕೆತ್ತಿ ಬಾಗಿಸಿದರೆ ಮರದ ಎಳೆ ಅಡ್ಡ ಕತ್ತರಿಸಿಹೋಗುತ್ತದೆ, ನೆಲ ಗಟ್ಟಿ ಸಿಕ್ಕಿದ ಕಡೆ ಪಟ್ ಅಂತ ಮುರಿಯುತ್ತದೆ. ಬಾಗಿ ಬೆಳೆದ ಕೊಂಬೆಯಲ್ಲಿ ಎಳೆಯೂ ಬಾಗಿನ ಜೊತೆಗೇ ಓಡಿರುತ್ತದೆ. ಅದು ತಡೆಯುತ್ತದೆ. ಅಂಥ ಕೊಂಬೆ ಕಂಡರೆ ಎರಡು ವರ್ಷ ಮೊದಲೇ ಹೇಳಿ ಇಡುತ್ತಿದ್ದರು.

ಮುಂಗಾರು ಮೋಡ
ಎಲ್ಲರೂ ಚೆನ್ನಾಗಿ ಬರೆದಿದ್ದೀರಿ. ಆದರೆ ನನಗೆ ಒಂದು ಬೇಸರ ಇದೆ, ಹೇಳಿಯೇ ಹೇಳುತ್ತೇನೆ.

ನನ್ನ ಮಗನಿಗೆ ಹುಟ್ಟುವಾಗಲೇ ಪಾದ ಒಳಕ್ಕೆ ತಿರುಗಿತ್ತು. ಇದು ಅಪರೂಪ ಅಲ್ಲ, ಸಾವಿರ ಮಕ್ಕಳಲ್ಲಿ ಒಂದೆರಡು ಮಕ್ಕಳಿಗೆ ಇರುತ್ತದೆ. ವಾರವಾರ ಪಾದವನ್ನು ಸ್ವಲ್ಪ ಸ್ವಲ್ಪ ತಿರುಗಿಸಿ ಹೊಸ ಪ್ಲಾಸ್ಟರ್ ಹಾಕಿದರು. ಆಮೇಲೆ ಹಿಮ್ಮಡಿಯ ನರದ ಹತ್ತಿರ ಒಂದು ಸಣ್ಣ ಆಪರೇಷನ್. ಆಮೇಲೆ ಎರಡು ಬೂಟನ್ನು ಒಂದು ಪಟ್ಟಿಗೆ ಜೋಡಿಸಿದ್ದನ್ನು ರಾತ್ರಿ ಹೊತ್ತು ವರ್ಷಗಟ್ಟಲೆ ಹಾಕಿ ಮಲಗಿಸಿದೆವು. ಈಗ ಓಡುತ್ತಾನೆ, ಕಬಡ್ಡಿ ಆಡುತ್ತಾನೆ. ಆದರೆ ಪ್ಲಾಸ್ಟರ್ ದಿನಗಳಲ್ಲಿ ಒಂದು ಸಮಾರಂಭಕ್ಕೆ ಹೋದಾಗ ಹತ್ತಿರದ ನೆಂಟರೇ ಅವನನ್ನು ‘ಅಷ್ಟಾವಕ್ರ’ ಎಂದು ಕರೆದರು. ಪ್ರೀತಿಗೇ ಅಂದರಂತೆ. ನಾನು ಊಟ ಬಿಟ್ಟು ಎದ್ದು ಬಂದೆ.

ಬೇರಿನಲ್ಲಿ ಕೆಟ್ಟ ಅರ್ಥ ಇಲ್ಲ, ರಾಗದಲ್ಲಿ ಇಲ್ಲ, ಗ್ರಹದಲ್ಲಿ ಇಲ್ಲ, ಸಂತೋಷ. ಮಗುವಿನ ಕಾಲು ನೋಡಿ ಹೇಳಿದಾಗ ಇರುತ್ತದೆ. ಅಲ್ಲಿ ವಂಚ್ ಧಾತು ಹೇಳಿದರೆ ನೋವು ಕಡಿಮೆ ಆಗಲ್ಲ.

ಕೆರೆಕೋಡಿ
ನಾನು ಮೇಲೆ ಹೇಳಿದ್ದೂ ಇದನ್ನೇ. ಅಕ್ಕ ಸರಿಯಾಗಿ ಹೇಳಿದರು.

ಕೂಡಲಿ ದಾರಿ
ಅಕ್ಕ, ನೀವು ಎದ್ದು ಬಂದದ್ದು ಸರಿ. ಅಷ್ಟಾವಕ್ರನ ಹೆಸರು ಹೇಳುವವರಿಗೆ ಅವನ ಕಥೆ ಗೊತ್ತಿರಬೇಕಿತ್ತು. ಮಹಾಭಾರತದ ವನಪರ್ವದಲ್ಲಿ ಬರುತ್ತದೆ. ತಾಯಿಯ ಹೊಟ್ಟೆಯಲ್ಲಿದ್ದಾಗಲೇ ಅಪ್ಪ ಕಹೋಡನ ವೇದಪಾಠದಲ್ಲಿ ತಪ್ಪಿದೆ ಎಂದ. ಅಪ್ಪನಿಗೆ ಸಿಟ್ಟು ಬಂದು ಎಂಟು ಕಡೆ ಡೊಂಕಾಗು ಎಂದು ಶಪಿಸಿದ. ಅಂದರೆ ಮೈ ಡೊಂಕಾದದ್ದು ಮಗನ ತಪ್ಪಿನಿಂದ ಅಲ್ಲ, ಸರಿ ಹೇಳಿದ್ದನ್ನು ಅಪ್ಪ ತಡೆಯಲಾರದೇ ಹೋದದ್ದರಿಂದ. ಅದೇ ಹುಡುಗ ಜನಕನ ಆಸ್ಥಾನಕ್ಕೆ ಹೋಗಿ, ಅಪ್ಪನನ್ನು ಸೋಲಿಸಿದ್ದ ಬಂದಿ ಎಂಬ ಪಂಡಿತನನ್ನು ವಾದದಲ್ಲಿ ಸೋಲಿಸಿ ಅಪ್ಪನನ್ನೇ ಬಿಡಿಸಿಕೊಂಡು ಬಂದ. ಆ ಹೆಸರಿಟ್ಟು ನಗುವವರು ಕಥೆಯ ಅರ್ಧವನ್ನೂ ಕೇಳಿಲ್ಲ.

ಮುಂಗಾರು ಮೋಡ
ಬಂದಿಯ ಕಥೆ ನನಗೂ ಗೊತ್ತಿರಲಿಲ್ಲ. ಮಗನಿಗೆ ಇವತ್ತೇ ಹೇಳುತ್ತೇನೆ.

ಧಾರವಾಡದ ಗಾಳಿ
ನಾನು ತಡವಾಗಿ ಬಂದೆ. ವಕ್ರದ ಬಗ್ಗೆ ಮಾತಾಡಿ ವಕ್ರೋಕ್ತಿ ಬಿಟ್ಟರೆ ಹೇಗೆ?

ಕಾವ್ಯ ಅಂದರೆ ಏನು ಎನ್ನುವ ಹಳೆಯ ಜಗಳದಲ್ಲಿ ಈ ಪದ ಮೊದಲಿನಿಂದಲೂ ಇದೆ. ಸಂಸ್ಕೃತದ ಕಾವ್ಯಮೀಮಾಂಸಕ ದಂಡಿ ಎಲ್ಲ ಮಾತನ್ನೂ ಎರಡು ಮಾಡಿದ. ಇದ್ದದ್ದನ್ನು ಇದ್ದ ಹಾಗೆ ಹೇಳುವ ಸ್ವಭಾವೋಕ್ತಿ ಒಂದು, ಬಾಗಿಸಿ ಹೇಳುವ ವಕ್ರೋಕ್ತಿ ಒಂದು. ಆಮೇಲೆ ಕಾಶ್ಮೀರದ ಕುಂತಕ ಬಂದು, ವಕ್ರೋಕ್ತಿಯೇ ಕಾವ್ಯದ ಜೀವ ಎಂದ. ಅವನ ಗ್ರಂಥದ ಹೆಸರೇ ವಕ್ರೋಕ್ತಿಜೀವಿತ. ಅಕ್ಷರಗಳ ಜೋಡಣೆಯಿಂದ ಹಿಡಿದು ಇಡೀ ಕೃತಿಯವರೆಗೆ ಆರು ಹಂತದಲ್ಲಿ ಈ ಬಾಗು ಹೇಗೆ ಕೆಲಸ ಮಾಡುತ್ತದೆ ಎಂದು ತೋರಿಸಿದ್ದಾನೆ. ‘ಸಂಜೆಯಾಯಿತು’ ಎನ್ನುವುದು ಸುದ್ದಿ. ಅದನ್ನೇ ಕೇಳಿದವರ ಮನಸ್ಸು ಒಂದು ಗಳಿಗೆ ನಿಲ್ಲುವ ಹಾಗೆ ಹೇಳಿದರೆ ಕಾವ್ಯ. ರೂಢಿಯ ದಾರಿ ಬಿಟ್ಟು ಸರಿದಾಗಲೇ ಮಾತಿಗೆ ಜೀವ ಬರುತ್ತದೆ ಎನ್ನುವುದು ಅವನ ವಾದ.

ಇದರಲ್ಲಿ ನಮ್ಮೂರಿಗೂ ಒಂದು ಪಾಲಿದೆ. ಈ ಗ್ರಂಥವನ್ನು ಕೆ. ಕೃಷ್ಣಮೂರ್ತಿಯವರು ಪರಿಷ್ಕರಿಸಿ, ಇಂಗ್ಲಿಷ್ ಅನುವಾದದ ಜೊತೆಗೆ ಕೊಟ್ಟರು. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯ 1977ರಲ್ಲಿ ಪ್ರಕಟಿಸಿತು.

ಅಚ್ಚಗನ್ನಡಿಗ
ವಕ್ರೋಕ್ತಿಯನ್ನು ಕನ್ನಡದಲ್ಲಿ ಹೇಳಿದರೆ ‘ಕೊಂಕುಮಾತು’. ಕೊಂಕು ಅಂದರೂ ಬಾಗು ಎಂದೇ.

ಧಾರವಾಡದ ಗಾಳಿ
ಪದಕ್ಕೆ ಪದ ಇಟ್ಟರೆ ಹೌದು. ಆದರೆ ಕೊಂಕುಮಾತು ಅಂದಕೂಡಲೇ ನಮಗೆ ನೆನಪಾಗುವುದು ಚುಚ್ಚುಮಾತು. ‘ಓಹೋ, ಈಗ ನಮ್ಮ ಮನೆ ದಾರಿ ನೆನಪಾಯ್ತಾ’ ಅನ್ನುವ ಥರದ್ದು. ಅದೂ ನೇರ ಹೇಳದೆ ಬಾಗಿಸಿ ಹೇಳಿದ್ದೇ, ಆದರೆ ಅದು ಮುಟ್ಟುವುದು ಮನಸ್ಸನ್ನಲ್ಲ, ಪಕ್ಕೆಯನ್ನು. ಎರಡು ಭಾಷೆಯಲ್ಲೂ ಬಾಗಿದ ಮಾತಿಗೆ ಹೆಸರು ಹುಟ್ಟಿದೆ, ಒಂದು ಕಾವ್ಯಕ್ಕೆ ಹೋಯಿತು, ಒಂದು ಅಡುಗೆಮನೆ ಜಗಳಕ್ಕೆ ಬಂತು.

ತಾಳೆಗರಿ
ಕೊಂಕಣ ಸುತ್ತಿ ಮೈಲಾರಕ್ಕೆ ಬಂದೆವು. ಇನ್ನು ಯಾರಾದರೂ ‘ಕೊಂಕಣ’ವೂ ಕೊಂಕುವಿನಿಂದ ಬಂತು ಎನ್ನುವ ಮೊದಲೇ ಹೇಳುತ್ತೇನೆ, ಸದ್ದು ಒಂದೇ ಇದೆ ಎಂದು ಬೇರು ಒಂದೇ ಆಗಲ್ಲ.

ಎಡಗೈ ಬರಹ
ನನ್ನದೂ ಒಂದು. ನಾನು ಎಡಗೈಯವನು. ವಕ್ರದ ಮೇಲೆ ಆದ ಅನ್ಯಾಯವೇ ಎಡದ ಮೇಲೂ ಆಗಿದೆ. ವಾಮಮಾರ್ಗ, ವಾಮಾಚಾರ ಅಂದರೆ ಕೆಟ್ಟದ್ದು. ಆದರೆ ಸಂಸ್ಕೃತದಲ್ಲಿ ‘ವಾಮ’ಕ್ಕೆ ಚೆಲುವು ಎನ್ನುವ ಅರ್ಥವೂ ಇದೆ. ವಾಮಲೋಚನೆ ಅಂದರೆ ಚೆಲುವಾದ ಕಣ್ಣಿನವಳು.

ಹೂವಿನಹಡಗಲಿ ಹುಡುಗ
ಮತ್ತೆ ‘ಬಲ’ ಅಂದರೆ ಶಕ್ತಿ, ಅದಕ್ಕೇ ಬಲಗೈ ಅಂದರಾ?

ನಿಘಂಟಿನ ಹುಳು
ಇಲ್ಲ. ಶಕ್ತಿಯ ‘ಬಲ’ ಸಂಸ್ಕೃತದ್ದು. ಬಲಗೈಯ ‘ಬಲ’ ದ್ರಾವಿಡದ್ದು, ತಮಿಳಿನಲ್ಲಿ ‘ವಲಂ’ ಎಂದಿದೆ. ತಮಿಳಿನ ‘ವ’ಕ್ಕೆ ಕನ್ನಡದಲ್ಲಿ ‘ಬ’ ಬರುವುದು ಮಾಮೂಲು. ವಾ, ಬಾ. ವಿಲ್, ಬಿಲ್ಲು. ಎಡಬಲದ್ದು ದೊಡ್ಡ ವಿಷಯ, ಬೇರೆ ಚರ್ಚೆ ಶುರು ಮಾಡಿ, ಅಲ್ಲಿಗೆ ಬರುತ್ತೇನೆ.

ಸೀಮೆಸುಣ್ಣ
ನಾನು ಹೈಸ್ಕೂಲಿನಲ್ಲಿ ಗಣಿತ, ವಿಜ್ಞಾನ ಹೇಳಿಕೊಡುತ್ತೇನೆ. ಸೀಗೆಬಳ್ಳಿಯವರೇ, ನಿಮ್ಮ ಮಗಳು ಮುಂದಿನ ಕ್ಲಾಸುಗಳಲ್ಲಿ ವಕ್ರರೇಖೆ ಕಲಿಯುತ್ತಾಳೆ, ಬೆಳಕಿನ ವಕ್ರೀಭವನ ಕಲಿಯುತ್ತಾಳೆ. ನೀರಿನ ಲೋಟದಲ್ಲಿ ಪೆನ್ಸಿಲ್ ಮುರಿದ ಹಾಗೆ ಕಾಣುವುದು ಅದರಿಂದಲೇ. ಬೆಳಕು ಗಾಳಿಯಿಂದ ನೀರಿಗೆ ಓರೆಯಾಗಿ ಇಳಿದಾಗ ವೇಗ ಕಡಿಮೆಯಾಗಿ ದಾರಿ ಬಾಗುತ್ತದೆ. ಕನ್ನಡಕ, ಸೂಕ್ಷ್ಮದರ್ಶಕ, ನಮ್ಮ ಕಣ್ಣಿನ ಗೊಂಬೆಯ ಹಿಂದಿನ ಮಸೂರ, ಎಲ್ಲ ನಡೆಯುವುದು ಈ ಬಾಗಿನಿಂದ.

ಅಚ್ಚಗನ್ನಡಿಗ
ಮೇಷ್ಟ್ರೇ, ವಕ್ರೀಭವನ ಎನ್ನುವ ಬದಲು ‘ಬೆಳಕಿನ ಬಾಗು’ ಅಂದರೆ ಮಕ್ಕಳಿಗೆ ಮೊದಲ ದಿನವೇ ಅರ್ಥವಾಗುತ್ತಿತ್ತು.

ಸೀಮೆಸುಣ್ಣ
ಅದನ್ನು ಒಪ್ಪುತ್ತೇನೆ. ಕ್ಲಾಸಿನಲ್ಲಿ ಮೊದಲು ಲೋಟ, ನೀರು, ಪೆನ್ಸಿಲ್ ಇಟ್ಟು ‘ಬೆಳಕು ಬಾಗಿತು ನೋಡಿ’ ಎಂದೇ ಹೇಳುವುದು. ಪುಸ್ತಕದ ಪದ ಆಮೇಲೆ ಬೋರ್ಡಿನ ಮೇಲೆ ಬರುತ್ತದೆ. ಪರೀಕ್ಷೆಯಲ್ಲಿ ಅದನ್ನೇ ಕೇಳುತ್ತಾರೆ, ಬರೆಯದೆ ವಿಧಿ ಇಲ್ಲ. ಆದರೆ ‘ಬಾಗು’ ಪ್ರತಿಫಲನಕ್ಕೂ ಅಂಟಿಕೊಳ್ಳಬಾರದು. ಕನ್ನಡಿಯಲ್ಲಿ ಬೆಳಕು ವಾಪಸು ಪುಟಿಯುತ್ತದೆ, ಅದು ಬೇರೆ. ಆ ವ್ಯತ್ಯಾಸ ಉಳಿಸುವ ಕನ್ನಡ ಪದ ಜೋಡಿ ಕೊಡಿ, ನಾಳೆಯಿಂದಲೇ ಬಳಸುತ್ತೇನೆ.

ಅಚ್ಚಗನ್ನಡಿಗ
ಬಾಗು ಮತ್ತು ಪುಟಿತ. ನೀವೇ ಮೇಲೆ ಬರೆದಿದ್ದೀರಲ್ಲ.